ಘಾಟಿಗೆ ಕಿಲೋಮೀಟರ್ ಲೆಕ್ಕ ಸಾಲದು: ಕರೆಂಟ್ ಪಿಕಪ್‌ನಲ್ಲಿ ಕ್ಯಾಂಪ್ ಸಾಮಾನು ಸಾಗಿಸುವ ಬಗೆ

ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಅದರ ಜೊತೆಗೆ ಟೆಂಟ್ ಬಾಡಿಗೆ ಕೊಡುವ ಕೆಲಸ. ಬೆಂಗಳೂರಿನಿಂದ ಹತ್ತು ಹನ್ನೆರಡು ಜನ ಬಂದು ‘ಹೊಳೆ ಪಕ್ಕ ಎರಡು ರಾತ್ರಿ ಬೇಕು’ ಅಂದರೆ ಟೆಂಟು, ಹಾಸಿಗೆ, ಒಲೆ, ನೀರಿನ ಕ್ಯಾನು, ಮಡಚುವ ಕುರ್ಚಿ ಎಲ್ಲ ಹೇರಿಕೊಂಡು ಹೋಗಿ ಹಾಕಿಕೊಡುವುದು, ಮೂರನೇ ದಿನ ಬಿಚ್ಚಿ ತರುವುದು ನನ್ನ ಪಾಲು. ಜಾಗ ಯಾವಾಗಲೂ ಪರಿಚಯದವರ ತೋಟವೇ. ಅನುಮತಿ ಇಲ್ಲದೆ ಕಾಡೊಳಗೆ ಟೆಂಟ್ ಹೊಡೆಯುವ ಗಿರಾಕಿಗಳಿಗೆ ನಾನು ಸಾಮಾನು ಕೊಡುವುದಿಲ್ಲ.

ಹಳೇ ಡೀಸೆಲ್ ಪಿಕಪ್ ಮಾರಿ ಕರೆಂಟಿನ ಮಿನಿ ಪಿಕಪ್ ತಂದ ಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: ‘ಘಾಟಿ ಹತ್ತುತ್ತಾ?’ ಹತ್ತುತ್ತದೆ ಮಾರಾಯ್ರೇ, ಗೇರ್ ಬದಲಿಸುವ ಗೋಜಿಲ್ಲದೆ, ತಿರುವಿನಲ್ಲಿ ಉಸಿರು ಕಟ್ಟದೆ ಹತ್ತುತ್ತದೆ. ಆದರೆ ಎಷ್ಟು ಚಾರ್ಜ್ ಇಟ್ಟುಕೊಂಡು ಹೊರಡಬೇಕು ಅನ್ನುವುದು ನನಗೆ ತಿಳಿದದ್ದು ಒಂದು ಸಲ ದಾರಿಯಲ್ಲಿ ಕೂತ ಮೇಲೆ.

ಲೆಕ್ಕ ಹೀಗೆ. ಒಂದು ಟನ್ ತೂಕವನ್ನು 1000 ಮೀಟರ್ ಮೇಲೆತ್ತಲು 2.7 ಯೂನಿಟ್ ಕರೆಂಟ್ ಬೇಕು. ಗಾಡಿ ಯಾವ ಕಂಪನಿಯದಾದರೂ ಇದು ಬದಲಾಗುವುದಿಲ್ಲ. ನನ್ನ ಗಾಡಿ, ಲೋಡು, ನಾನು ಸೇರಿ ಹತ್ತಿರ ಹತ್ತಿರ 2 ಟನ್. ಸಂಪಾಜೆಯಿಂದ ಮಡಿಕೇರಿಗೆ ಏರು ಸುಮಾರು 1000 ಮೀಟರ್. ಅಲ್ಲಿಗೆ 5.4 ಯೂನಿಟ್ ಬರೀ ಎತ್ತುವುದಕ್ಕೇ ಹೋಯಿತು. ಮೋಟಾರಿನಲ್ಲಿ ಬಿಸಿಯಾಗಿ ಹೋಗುವುದನ್ನು ಸೇರಿಸಿದರೆ ಆರು ದಾಟುತ್ತದೆ. ಅದರ ಮೇಲೆ ಇಪ್ಪತ್ತೈದು ಚಿಲ್ಲರೆ ಕಿಲೋಮೀಟರ್ ಓಡುವ ಖರ್ಚು ಮೂರೂವರೆ. ಒಟ್ಟು ಹತ್ತು ಯೂನಿಟ್. ನನ್ನ ಬ್ಯಾಟರಿಯೇ 21 ಯೂನಿಟ್ಟಿನದು, ಅಂದರೆ ಒಂದು ಘಾಟಿಗೆ ಅರ್ಧ ಬ್ಯಾಟರಿ! ಅಷ್ಟೇ ದೂರವನ್ನು ಸಮತಟ್ಟು ರಸ್ತೆಯಲ್ಲಿ ಓಡಿಸಿದರೆ ಹದಿನೇಳು ಹದಿನೆಂಟು ಪರ್ಸೆಂಟ್‌ನಲ್ಲಿ ಮುಗಿಯುತ್ತದೆ.

ಈ ಲೆಕ್ಕ ಗೊತ್ತಿಲ್ಲದ ಕಾಲದಲ್ಲಿ ಘಾಟಿಯ ಕೆಳಗೆ, ಸಂಪಾಜೆ ಕಡೆಯ ಕೊಯನಾಡಿನ ಹತ್ತಿರ ಒಂದು ಕ್ಯಾಂಪ್ ಹಾಕಿದ್ದೆ. ಕೆಳಗೆ ಇದ್ದಾಗ ಹಾಸಿಗೆ ಸಾಲದು, ತರಕಾರಿ ಸಾಲದು ಅಂತ ಸುಳ್ಯಕ್ಕೆ ಎರಡು ಸಲ ಹೋಗಿ ಬಂದೆ. ವಾಪಸ್ ಹೊರಡುವಾಗ ಚಾರ್ಜ್ 41 ಪರ್ಸೆಂಟ್, ಮೀಟರಿನಲ್ಲಿ ‘58 ಕಿ.ಮೀ.’ ಅಂತ ತೋರಿಸುತ್ತಿತ್ತು. ಮಡಿಕೇರಿಗೆ ಅದರ ಅರ್ಧವೂ ಇಲ್ಲವಲ್ಲ ಅಂದುಕೊಂಡು ಹೊರಟೆ. ಆ 58 ಎಲ್ಲಿಂದ ಬಂತು? ಸುಳ್ಯ ಕಡೆ ಖಾಲಿ ಗಾಡಿ ಓಡಿಸಿದ್ದನ್ನು ನೋಡಿ ಮೀಟರ್ ಹಾಕಿದ ಅಂದಾಜು ಅದು. ಮುಂದೆ ಘಾಟಿ ಇದೆ, ಹಿಂದೆ ಲೋಡ್ ಇದೆ ಎಂದು ಅದಕ್ಕೆ ಹೇಳುವವರು ಯಾರು? ದೇವರಕೊಲ್ಲಿ ದಾಟುವಾಗಲೇ ಅಂಕಿ ಮಳೆಗಾಲದ ಗುಡ್ಡದ ಹಾಗೆ ಜಾರತೊಡಗಿತು. ಜೋಡುಪಾಲ ಕಳೆದು ಮದೆನಾಡು ಹತ್ತಿರ ಬಂದಾಗ ಮೀಟರಿನಲ್ಲಿ ಆಮೆಯ ಚಿತ್ರ ಹೊತ್ತಿಕೊಂಡಿತು. ಆಮೆ ಬಂತೆಂದರೆ ಗಾಡಿ ಶಕ್ತಿ ಕಡಿತ ಮಾಡಿತು ಎಂದರ್ಥ. ಏರಿನಲ್ಲಿ ನಡೆದುಕೊಂಡು ಹೋಗುವವರೇ ನನ್ನನ್ನು ಹಿಂದೆ ಹಾಕಬಹುದಿತ್ತು.

ಜೀಪಿನಲ್ಲಿ ಬಂದ ಹುಡುಗರು ಹಗ್ಗ ಕಟ್ಟಿ ಎಳೆಯುತ್ತೇವೆ ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು, ಆದರೂ ಬೇಡವೆಂದೆ. ಕರೆಂಟ್ ಗಾಡಿಯ ಓಡುವ ಚಕ್ರ ನೆಲಕ್ಕೆ ತಾಗಿಕೊಂಡಿರುವಾಗ ದೂರ ಎಳೆದರೆ ಮೋಟಾರ್ ಒಳಗೊಳಗೇ ತಿರುಗಿ ಕರೆಂಟ್ ಹುಟ್ಟಿಸುತ್ತದೆ, ಏನಾದರೂ ಸುಟ್ಟೀತು. ಕೆಟ್ಟು ನಿಂತರೆ ಲಾರಿಯ ಮೇಲೆ ಹತ್ತಿಸಿಯೇ ಒಯ್ಯಬೇಕು. ನಾನು ರಸ್ತೆ ಬದಿಯ ಮನೆಯೊಂದರ ಅಂಗಳಕ್ಕೆ ತೆವಳಿಸಿಕೊಂಡು ಹೋಗಿ ‘ಅಕ್ಕಾ, ಮೋಟಾರ್ ಹಾಕುವ ದೊಡ್ಡ ಪ್ಲಗ್ ಇದೆಯಾ?’ ಎಂದು ಕೇಳಿದೆ. ಇತ್ತು. ಎರಡು ಗಂಟೆಯಲ್ಲಿ ಆರು ಯೂನಿಟ್ ತುಂಬಿತು, ಎರಡು ಲೋಟ ಬೆಲ್ಲದ ಕಾಫಿಯೂ ಆಯಿತು. ದುಡ್ಡು ತೆಗೆದುಕೊಳ್ಳಲಿಲ್ಲ. ಮುಂದಿನ ಸಲ ಹೋಗುವಾಗ ಒಂದು ಗೊನೆ ಬಾಳೆಹಣ್ಣು ಕೊಟ್ಟು ಬಂದೆ.

ಅಂದಿನಿಂದ ಎಲ್ಲಿಗೆ ಹೋಗುವುದಿದ್ದರೂ ಮೊದಲು ಫೋನಿನ ಮ್ಯಾಪಿನಲ್ಲಿ ಎರಡೂ ಊರಿನ ಎತ್ತರ ನೋಡುತ್ತೇನೆ. ಕುಶಾಲನಗರದಿಂದ ಮಡಿಕೇರಿಗೆ ಏರು ಮುನ್ನೂರು ಚಿಲ್ಲರೆ ಮೀಟರ್, ಸಂಪಾಜೆಯ ಮೂರನೇ ಒಂದು ಪಾಲು. ದೂರ ಮಾತ್ರ ಹೆಚ್ಚು ಕಡಿಮೆ ಒಂದೇ. ಲೆಕ್ಕ ಬಂದ ಮೇಲೆ ಅದಕ್ಕೆ 20 ಪರ್ಸೆಂಟ್ ಸೇರಿಸಿ ಹೊರಡಿ. ದಾರಿಯಲ್ಲಿ ಮರ ಬಿದ್ದು ಸುತ್ತಿ ಬಳಸಿ ಬರಬೇಕಾದರೆ ಆ 20 ಬೇಕಾಗುತ್ತದೆ.

ಇನ್ನು ಇಳಿಯುವ ವಿಚಾರ. ಹೊಸಬರು ಎಡವುವುದು ಇಲ್ಲೇ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಮೋಟಾರೇ ಗಾಡಿಯನ್ನು ಹಿಡಿದು, ಬ್ಯಾಟರಿಗೆ ಕರೆಂಟ್ ವಾಪಸ್ ತುಂಬುತ್ತದೆ. ಡೀಸೆಲ್ ಗಾಡಿಯಲ್ಲಿ ಸೆಕೆಂಡ್ ಗೇರ್ ಹಿಡಿದು ಇಳಿಸಿದ ಹಾಗೆ. ಆದರೆ ಬ್ಯಾಟರಿ ಮೊದಲೇ ತುಂಬಿದ್ದರೆ ಕರೆಂಟ್ ಎಲ್ಲಿಗೆ ಹೋಗಬೇಕು? ಮೋಟಾರ್ ಹಿಡಿತ ಬಿಟ್ಟುಬಿಡುತ್ತದೆ, ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಮೊದಲ ಟ್ರಿಪ್ಪಿನಲ್ಲಿ ಮಡಿಕೇರಿಯ ಸ್ನೇಹಿತನ ಅಂಗಡಿಯಲ್ಲಿ 100 ಪರ್ಸೆಂಟ್ ತುಂಬಿಸಿ, ಫುಲ್ ಲೋಡ್ ಹೊತ್ತು ತಾಳತ್ತಮನೆ ದಾಟಿದವನು ನಾನು. ಸ್ವಲ್ಪ ದೂರದಲ್ಲೇ ಲೈನರ್ ವಾಸನೆ ಮೂಗಿಗೆ ಹೊಡೆಯಿತು. ಬದಿಗೆ ಹಾಕಿ ಅರ್ಧ ಗಂಟೆ ಕೂತೆ. (ಬಿಸಿ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಬಿರುಕು ಬಿಡುತ್ತದೆ. ಸುಮ್ಮನೆ ಕಾಯಿರಿ.) ಈಗ ಮಡಿಕೇರಿ ಬಿಡುವಾಗ 80, 85ರ ಮೇಲೆ ಇಟ್ಟುಕೊಳ್ಳುವುದಿಲ್ಲ. ಸಂಪಾಜೆ ಮುಟ್ಟುವಷ್ಟರಲ್ಲಿ ನನ್ನ ಗಾಡಿಯಲ್ಲಿ ಐದಾರು ಪರ್ಸೆಂಟ್ ತಾನಾಗಿ ಏರಿರುತ್ತದೆ. ಏರುವಾಗ ಖರ್ಚಾದದ್ದೆಲ್ಲ ಇಳಿಯುವಾಗ ವಾಪಸ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಲೋಡ್ ಮಾಡುವಾಗ ನೀರಿನ 20 ಲೀಟರ್ ಕ್ಯಾನು, ಸಿಲಿಂಡರ್, ಒಲೆ ಇವು ಕೆಳಗೆ, ಕ್ಯಾಬಿನ್ ಕಡೆಗೆ. ಟೆಂಟು, ಹಾಸಿಗೆ ಮೇಲೆ. ಭಾರದ್ದು ಹಿಂದಿನ ಚಕ್ರದಿಂದಾಚೆ ಹೋದರೆ ಏರಿನಲ್ಲಿ ಮುಂಭಾಗ ಹಗುರಾಗಿ ಸ್ಟೇರಿಂಗ್ ತೇಲುತ್ತದೆ. ಜಾಗ ಹತ್ತಿರದಲ್ಲೇ ನೀರಿದ್ದರೆ ಕ್ಯಾನು ಖಾಲಿ ಒಯ್ಯಿರಿ. ಹತ್ತು ಕ್ಯಾನೆಂದರೆ ಇನ್ನೂರು ಕಿಲೋ, ಕೊಡಗಿನಲ್ಲಿ ನೀರು ಹೊತ್ತು ಘಾಟಿ ಹತ್ತಿಸುವುದೆಂದರೆ ತಮಾಷೆಯೇ. ಮಳೆಯಲ್ಲಿ ನೆನೆದ ಟೆಂಟ್ ಬರುವಾಗ ಹೋಗುವಾಗಿನ ತೂಕ ಇರುವುದಿಲ್ಲ, ಕೊಡವಿ, ಸಾಧ್ಯವಾದರೆ ಒಣಗಿಸಿ ಮಡಚಿ. ಜಿಗಣೆಯೂ ಅಲ್ಲೇ ಉದುರಲಿ. ಹಿಂದುಗಡೆ ಸಾಮಾನಿನ ಮೇಲೆ ಗಿರಾಕಿಗಳನ್ನು ಕೂರಿಸಬೇಡಿ, ಗೂಡ್ಸ್ ಗಾಡಿಯಲ್ಲಿ ಜನ ಸಾಗಿಸುವುದು ತಪ್ಪು.

ತೋಟದೊಳಗಿನ ಮಣ್ಣು ದಾರಿಯಲ್ಲಿ ಆಕ್ಸಿಲರೇಟರನ್ನು ಮೊಟ್ಟೆ ತುಳಿದ ಹಾಗೆ ತುಳಿಯಿರಿ. ಕರೆಂಟ್ ಮೋಟಾರ್ ತುಳಿದ ಕೂಡಲೇ ಪೂರ್ತಿ ಬಲ ಕೊಡುತ್ತದೆ, ಕೆಂಪು ಕೆಸರಿನಲ್ಲಿ ಚಕ್ರ ನಿಂತಲ್ಲೇ ಗುಂಡಿ ತೋಡಿಬಿಡುತ್ತದೆ. ಎರಡು ಹಳೇ ಗೋಣಿಚೀಲ ಸೀಟಿನ ಹಿಂದೆ ಯಾವಾಗಲೂ ಇರಲಿ.

ಟ್ರೇಲರ್ ಕಟ್ಟಬಹುದೇ ಎಂದು ಕೇಳುವವರೂ ಇದ್ದಾರೆ. ನನ್ನ ಭಾವಮೈದ ಅಮೆರಿಕದಲ್ಲಿ ಫೋರ್ಡಿನ ಎಫ್-150 ಲೈಟ್ನಿಂಗ್‌ಗೆ ಮಂಚ, ಅಡುಗೆಮನೆ ಎಲ್ಲ ಇರುವ ಕ್ಯಾಂಪರ್ ಟ್ರೇಲರ್ ಸಿಕ್ಕಿಸಿಕೊಂಡು ತಿರುಗುತ್ತಾನೆ. ಬೇಕಾದ ಸಲಕರಣೆ ಹಾಕಿಸಿದರೆ ಅದು ನಾಲ್ಕೂವರೆ ಟನ್‌ವರೆಗೆ ಎಳೆಯುತ್ತದೆ. ಟ್ರೇಲರ್ ತೂಕದ 10ರಿಂದ 15 ಪರ್ಸೆಂಟ್ ಕೊಕ್ಕೆಯ ಮೇಲೆ ಕೂರುವಂತೆ ಸಾಮಾನು ಜೋಡಿಸಬೇಕು, ಕಡಿಮೆಯಾದರೆ ಹಿಂದೆ ನಾಯಿಬಾಲದ ಹಾಗೆ ಅಲ್ಲಾಡುತ್ತದೆ ಎಂದು ಅವನೇ ಕಲಿಸಿಕೊಟ್ಟದ್ದು. ಟ್ರೇಲರ್ ಕಟ್ಟಿದರೆ ಒಂದು ಚಾರ್ಜಿಗೆ ಅವನ ಗಾಡಿ ಓಡುವ ದೂರ ಅರ್ಧಕ್ಕೆ ಇಳಿಯುತ್ತದಂತೆ. ಕಾರಣ ಗಾಳಿ: ಹೆದ್ದಾರಿಯಲ್ಲಿ ನೂರರ ವೇಗಕ್ಕೆ ಗೋಡೆಯಂಥ ಟ್ರೇಲರ್ ಗಾಳಿಯನ್ನು ಸೀಳಬೇಕು. ನಮ್ಮ ಘಾಟಿಯಲ್ಲಿ 30ರ ಮೇಲೆ ಹೋಗುವುದೇ ಇಲ್ಲ, ಗಾಳಿ ಲೆಕ್ಕಕ್ಕಿಲ್ಲ, ತೂಕವೇ ಎಲ್ಲ. ನನ್ನಂಥ ಮಿನಿ ಪಿಕಪ್‌ಗೆ ಕಂಪನಿಯವರು ಎಳೆಯುವ ತೂಕ ಬರೆದುಕೊಟ್ಟಿಲ್ಲ, ಹಾಗಾಗಿ ಕೊಕ್ಕೆ ಹಾಕಿಸುವ ಆಸೆಗೆ ನಾನು ಹೋಗಿಲ್ಲ. ಹಾಕಿಸಿದರೂ ಮಡಿಕೇರಿ ಪೇಟೆಯಲ್ಲಿ ಭಾನುವಾರ ಅದನ್ನು ರಿವರ್ಸ್ ತೆಗೆಯುವವನನ್ನು ನನಗೆ ತೋರಿಸಿ.

ಕೊನೆಗೆ ಮನೆಯ ಚಾರ್ಜಿಂಗ್. 15 ಆಂಪ್ ಪ್ಲಗ್ಗಿನಲ್ಲಿ ನನ್ನದು ತುಂಬಲು ಏಳು ಗಂಟೆ. ಮಳೆಗಾಲದಲ್ಲಿ ಕರೆಂಟ್ ಇದ್ದಾಗಲೇ ಸಿಕ್ಕಿಸಿಬಿಡಿ, ‘ರಾತ್ರಿ ಹಾಕಿದರಾಯಿತು’ ಅಂದವರು ಬೆಳಿಗ್ಗೆ ಖಾಲಿ ಗಾಡಿ ನೋಡುತ್ತಾರೆ. ಜನರೇಟರ್ ಇದೆಯಲ್ಲ ಅಂತ ಧೈರ್ಯ ಬೇಡ, ಅರ್ತಿಂಗ್ ಸರಿ ಕಾಣದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಕೂತುಬಿಡುತ್ತದೆ. ಹಳೇ ತೋಟದ ಮನೆಗಳಲ್ಲಿ ಲೈನಿನಲ್ಲೂ ಇದೇ ಗೋಳು. ನಮ್ಮ ಮನೆಯಲ್ಲಿ ಮಳೆಗಾಲವಿಡೀ ಸರಿಯಿದ್ದ ಚಾರ್ಜರ್ ಮಾರ್ಚಿನಲ್ಲಿ ಒಂದು ದಿನ ಕೈಕೊಟ್ಟಿತು. ಹುಡುಗನ ಕೈಲಿ ವೈರಿಂಗ್ ಎಲ್ಲ ನೋಡಿಸಿದೆ, ಪ್ಲಗ್ ಬದಲಾಯಿಸಿದೆ, ಏನೂ ಆಗಲಿಲ್ಲ. ಕೊನೆಗೆ ಹಳೇ ಎಲೆಕ್ಟ್ರಿಷಿಯನ್ ಬಂದು ಮನೆ ಹಿಂದಿನ ಅರ್ತ್ ಗುಂಡಿಯ ಮುಚ್ಚಳ ತೆಗೆದರು. ಮಣ್ಣು ಒಣಗಿ ಹುಡಿಯಾಗಿತ್ತು. ಇದ್ದಿಲು, ಉಪ್ಪು ಹೊಸದಾಗಿ ತುಂಬಿ ನೀರು ಹೊಯ್ದರು, ಹಸಿರು ದೀಪ ಬಂತು. ಈಗ ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೆ ಎರಡು ಬಕೆಟ್ ನೀರು ಆ ಗುಂಡಿಗೆ. ನಮ್ಮ ಮನೆಯವಳು ಕರಿಬೇವಿನ ಗಿಡಕ್ಕೆ ಹೊಯ್ಯುವಾಗ ಅದಕ್ಕೂ ಹೊಯ್ಯುತ್ತಾಳೆ.