ಎರಡು ಕಾರ್ಡ್, 108 ಬಿಪಿಎಂ

ಬಾಲಿಯಾರಿಕ್, ಅಂದರೆ ಸ್ಪೇನಿನ ಇಬಿಜಾ ದ್ವೀಪದ ಬಿಸಿಲಿನ ಕುಣಿತದ ಸಂಗೀತ. ಅಂಥದ್ದೊಂದು ಟ್ರ್ಯಾಕ್ ಮಾಡೋಣ ಅಂತ ಕೂತಾಗ ಮೊದಲು ಟೆಂಪೋ (ನಿಮಿಷಕ್ಕೆ ಎಷ್ಟು ಬೀಟು, ಅಂದರೆ ಬಿಪಿಎಂ) ಇಳಿಸಿದೆ. ಕ್ಲಬ್ಬಿನ ಹೌಸ್ ಸಂಗೀತ ಸಾಮಾನ್ಯವಾಗಿ 120ರ ಆಸುಪಾಸಿನಲ್ಲಿ ಓಡುತ್ತದೆ, ನಾನು 108ಕ್ಕೆ ಇಟ್ಟೆ. ಟೆಂಪೋ ಇಳಿದಷ್ಟೂ ಬೀಟುಗಳ ನಡುವೆ ಜಾಗ ಜಾಸ್ತಿ, ಅಲ್ಲಿ ಏನಾದರೂ ತುರುಕೋಣ ಅಂತ ಕೈ ತುರಿಸುತ್ತಲೇ ಇರುತ್ತದೆ. ತುರುಕಬಾರದು. ಬಿಸಿಲು ಬರುವುದೇ ಆ ಖಾಲಿ ಜಾಗದಿಂದ ಅನ್ನೋದು ನನ್ನ ಲೆಕ್ಕ.

ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಎರಡೇ ಸಾಕು. ಈ ಧೈರ್ಯ ಕೊಟ್ಟದ್ದು ಜರ್ಮನ್ ಸಂಗೀತಗಾರ ಮಾನುಯೆಲ್ ಗೊಟ್ಶಿಂಗ್. 1981ರಲ್ಲಿ ಬರ್ಲಿನ್‌ನಲ್ಲಿ ಅವರು ಒಂದೇ ಟೇಕಿನಲ್ಲಿ ನುಡಿಸಿದ 'ಇ2-ಇ4' ಸುಮಾರು ಒಂದು ಗಂಟೆ ಇದೆ, ಅಷ್ಟು ಹೊತ್ತೂ ಎರಡು ಕಾರ್ಡ್ ಅತ್ತಿಂದಿತ್ತ ತೂಗುತ್ತಿರುತ್ತವೆ. 1989ರಲ್ಲಿ ಇಟಲಿಯವರು ಅದನ್ನೇ ಎತ್ತಿಕೊಂಡು 'ಸುಯೆನ್ಯೊ ಲಟಿನೊ' ಅನ್ನೋ ಡಾನ್ಸ್ ಟ್ರ್ಯಾಕ್ ಮಾಡಿದರು. ನಾನು ಹಿಡಿದದ್ದು ಎಫ್ ಮೇಜರ್ 7, ಇ ಮೈನರ್ 7. ಎಫ್ ಅನ್ನು ಬೇಸ್‌ಗೆ ಬಿಟ್ಟು, ಎಲೆಕ್ಟ್ರಿಕ್ ಪಿಯಾನೋದಲ್ಲಿ ಎ, ಸಿ, ಇ ಮಾತ್ರ ನುಡಿಸಿದೆ. ಕೆಳಗಿನ ಗಲಾಟೆ ಹೋಗಿ ಕಾರ್ಡ್ ತೇಲತೊಡಗಿತು. ಅದರ ಮೇಲೆ ಡಾಟೆಡ್ ಎಂಟನೇ ನೋಟಿನ (ಮುಕ್ಕಾಲು ಬೀಟಿನ) ಡಿಲೇ (ಪ್ರತಿಧ್ವನಿ), ಅಂದರೆ 108ರಲ್ಲಿ ಸುಮಾರು 417 ಮಿಲಿಸೆಕೆಂಡ್.

ಬೇಸ್ ಪೂರ್ತಿ ಡಿಸ್ಕೋ: ಕಿಕ್ (ದಪ್ಪ ಡ್ರಮ್ಮಿನ ಏಟು) ಬಿದ್ದ ಮೇಲೆ, ಎರಡು ಕಿಕ್‌ಗಳ ಮಧ್ಯೆ ಒಂದು ಆಕ್ಟೇವ್ (ಸ್ಥಾಯಿ) ಮೇಲಕ್ಕೆ ಜಿಗಿತ. ಅಷ್ಟೇ.

ಜಾಸ್ತಿ ಹೊತ್ತು ಹಿಡಿದದ್ದು ಶೇಕರ್. ಸ್ಯಾಂಪಲ್ ಹಾಕಿದರೆ ಸಪ್ಪೆ ಅನಿಸಿತು, ಹಾಗಾಗಿ ಹಾರ್ಲಿಕ್ಸ್ ಬಾಟಲಿಗೆ ಅಕ್ಕಿ ಹಾಕಿಕೊಂಡು ಟ್ರ್ಯಾಕ್ ಶುರುವಿನಿಂದ ಕೊನೆಯ ತನಕ ಕೈಯಲ್ಲೇ ಅಲ್ಲಾಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ, ಕಂಪ್ಯೂಟರಿನ ತಾಳದ ಗ್ರಿಡ್‌ಗೆ ಕೂರಿಸಲಿಲ್ಲ. ಕೈ ಸೋತಲ್ಲಿ ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಕುಣಿಸೋದೇ ಅದು.

ಅಲೆಯ ಸದ್ದು, ಕಡಲಹಕ್ಕಿಯ ಕೂಗು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಇಬಿಜಾದ ಕಡಲತೀರದ ಕೆಫೆ ಡೆಲ್ ಮಾರ್‌ನ ಸಂಗೀತ ಸಂಕಲನಗಳು 1994ರಲ್ಲಿ ಶುರುವಾದವು, ಆಮೇಲೆ ಅವುಗಳ ನಕಲು ಮಾಡಿದವರು ಬಾಲಿಯಾರಿಕ್ ಅಂದರೆ ಸುಮ್ನೆ ಒರಗಿಕೊಂಡು ಕೇಳೋದು ಅಂತ ಮಾಡಿಟ್ಟರು. 80ರ ದಶಕದಲ್ಲಿ ಇಬಿಜಾದ ಅಮ್ನೇಸಿಯಾ ಕ್ಲಬ್ಬಿನಲ್ಲಿ, ಆಗಿನ್ನೂ ಮೇಲೆ ಸೂರಿಲ್ಲದ ಡಾನ್ಸ್ ಫ್ಲೋರಿನಲ್ಲಿ, ಡಿಜೆ ಆಲ್ಫ್ರೆಡೊ ರಾಕ್, ಪಾಪ್, ಶಿಕಾಗೋ ಹೌಸ್ ಎಲ್ಲಾ ಕಲಸಿ ಬೆಳಗಾಗುವ ತನಕ ಜನರನ್ನು ಕುಣಿಸುತ್ತಿದ್ದರು. ನನಗೆ ಬೇಕಾದದ್ದು ಆ ಕುಣಿತ, ಅದಕ್ಕೇ ಕಿಕ್ ಅನ್ನು ಮೆತ್ತಗೆ ಮಾಡಿದರೂ ತೆಗೆಯಲಿಲ್ಲ. ಡಿಜೆಗಳಿಗೆ ಮಿಕ್ಸ್ ಮಾಡಲು ಅನುಕೂಲ ಆಗಲಿ ಅಂತ ಶುರುವಿನಲ್ಲಿ 16 ಬಾರ್ (ನಾಲ್ಕು ಬೀಟಿಗೆ ಒಂದು ಬಾರ್) ಬರೀ ಡ್ರಮ್ಸ್ ಮತ್ತು ಆ ಅಕ್ಕಿ ಶೇಕರ್ ಬಿಟ್ಟಿದ್ದೇನೆ.