ಚಿಕ್ಕ ಫುಟ್‌ಬಾಲ್ ಕ್ಲಬ್‌ನ ಲೆಕ್ಕ ಓದೋದು ಹೇಗೆ?

ಕ್ಲಬ್‌ನ ವರ್ಷದ ಲೆಕ್ಕ ಕೈಗೆ ಸಿಕ್ಕಾಗ ಮೊದಲು ಲಾಭ-ನಷ್ಟ ನೋಡಬೇಡಿ. ಸಂಬಳದ ಸಾಲು ಹುಡುಕಿ. ಬಂದ 100ರಲ್ಲಿ 60 ಸಂಬಳಕ್ಕೆ ಹೋದರೆ ಉಸಿರಾಡಬಹುದು. 90 ದಾಟಿದರೆ ಯಾರೋ ಕೈಯಿಂದ ಹಾಕುತ್ತಿದ್ದಾರೆ ಅಂತಲೇ ಅರ್ಥ, ಯಾಕೆಂದರೆ ಮೈದಾನ, ಪ್ರಯಾಣ, ಕರೆಂಟ್ ಬಿಲ್ಲು ಎಲ್ಲ ಇನ್ನೂ ಬಾಕಿ ಇರುತ್ತೆ ಅಲ್ವಾ?

ಆ ದುಡ್ಡು ಷೇರಾಗಿ ಬಂದಿದೆಯಾ, ಸಾಲವಾಗಿಯಾ? ಇದನ್ನು ಬಿಡದೆ ನೋಡಿ. ಸಾಲವಾದರೆ ಮಾಲೀಕರು ಹೊರಡುವ ದಿನ ವಾಪಸ್ ಕೇಳಬಹುದು. ಸ್ಟೇಡಿಯಂ ಅಡ ಇಟ್ಟಿದ್ದಾರಾ ಅಂತಲೂ ಹುಡುಕಿ. ಇಂಗ್ಲೆಂಡಿನ ಬೆರಿ ಕ್ಲಬ್ ಹುಟ್ಟಿದ್ದು 1885ರಲ್ಲಿ. ದುಡ್ಡಿನ ತಾಪತ್ರಯದಿಂದ 2019ರ ಆಗಸ್ಟ್‌ನಲ್ಲಿ ಅದನ್ನು ಲೀಗ್‌ನಿಂದಲೇ ತೆಗೆದುಹಾಕಿದರು. ಅಲ್ಲಿನ ಅಭಿಮಾನಿಗಳನ್ನು ನೆನೆದರೆ ಈಗಲೂ ಕರುಳು ಚುರುಕ್ ಅನ್ನುತ್ತೆ.

ಆಟಗಾರರನ್ನು ಮಾರಿದ ದುಡ್ಡನ್ನು ಬೇರೆಯಾಗಿ ಬರೆದಿಡಿ, ಅದು ಪ್ರತಿ ವರ್ಷ ಬರುವುದಿಲ್ಲ. ಹಳೆಯ ಹುಡುಗರನ್ನೂ ಮರೆಯಬೇಡಿ. ಕರಾರು ಮುಗಿಯುವ ಮೊದಲೇ ಆಟಗಾರ ಬೇರೆ ದೇಶದ ಕ್ಲಬ್‌ಗೆ ಮಾರಾಟವಾದರೆ, ಫಿಫಾ ನಿಯಮದಂತೆ ಆ ಮೊತ್ತದ 5% ಅವನನ್ನು 12ರಿಂದ 23ರ ವಯಸ್ಸಿನಲ್ಲಿ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತೆ.

ಸೀಸನ್ ಟಿಕೆಟ್, ಅಂದರೆ ಇಡೀ ಸೀಸನ್‌ನ ಪಂದ್ಯಗಳಿಗೆ ಮೊದಲೇ ಕೊಳ್ಳುವ ಟಿಕೆಟ್‌ನ ದುಡ್ಡು ಒಟ್ಟಿಗೆ ಬಂದು ಬ್ಯಾಂಕ್ ಖಾತೆ ತುಂಬಿರುತ್ತೆ. ಸುಮ್ನೆ ಖುಷಿಪಡಬೇಡಿ, 12 ತಿಂಗಳಿಗೆ ಭಾಗಿಸಿ ನೋಡಿ.