ಇವತ್ತು ಯಾರ ಹತ್ತಿರ ಹೋಗಲಿ ಅಂತ ದೇವರನ್ನು ಕೇಳುವುದು

ನಮ್ಮ ಸಭೆಯ (ಚರ್ಚಿನ) ಕಡೆಯಿಂದ ಆಸ್ಪತ್ರೆಗೆ ಹೋಗಿ ರೋಗಿಗಳನ್ನು ನೋಡಿ ಬರುವುದು ನನ್ನ ಸೇವೆ. ಹೊಸಬರು ಕೇಳುವುದು ಒಂದೇ: 'ಅಕ್ಕಾ, ದೇವರು ನಡೆಸ್ತಿದ್ದಾರೆ ಅಂತ ಗೊತ್ತಾಗೋದು ಹೇಗೆ?'

ಬೆಳಗ್ಗೆ ಮೊಬೈಲ್ ಮುಟ್ಟುವ ಮೊದಲು ಸತ್ಯವೇದ (ಬೈಬಲ್) ತೆಗೆಯಿರಿ. ಶುರು ಮಾಡಲು ಅದರಲ್ಲಿರುವ ಜ್ಞಾನೋಕ್ತಿಗಳು ಅನ್ನೋ ಪುಸ್ತಕ ಸುಲಭ. 31 ಅಧ್ಯಾಯಗಳಿವೆ; 12ನೇ ತಾರೀಖಾದರೆ 12ನೇ ಅಧ್ಯಾಯ. ಕಣ್ಣು ಮುಚ್ಚಿ ಪುಟ ತೆರೆದು, ಬೆರಳಿಟ್ಟ ವಚನವೇ ದೇವರ ಉತ್ತರ ಅನ್ನಬೇಡಿ. ಅದು ಶಕುನ ಕೇಳಿದ ಹಾಗೆ.

'ಎಲ್ಲರನ್ನೂ ಆಶೀರ್ವದಿಸು' ಅಂದರೆ ಸಾಲದು. ಇವತ್ತು ಯಾರನ್ನು ನೋಡಲಿ, ಏನು ಮಾತಾಡಲಿ ಅಂತ ಹೆಸರು ಹಿಡಿದು ಪ್ರಾರ್ಥಿಸಿ. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಿರಿ. ನಮಗೆಲ್ಲ ಜಾಸ್ತಿ ಕಷ್ಟ ಇದೇ, ಅಲ್ವಾ? ಮನಸ್ಸಿಗೆ ಬಂದ ಹೆಸರನ್ನು ಡೈರಿಯಲ್ಲಿ ಬರೆದಿಡಿ.

ವಾರ್ಡಿನಲ್ಲಿ ಮೊದಲು ಸಿಸ್ಟರನ್ನು ಕೇಳಿ. ರೋಗಿ ನಿದ್ದೆಯಲ್ಲಿದ್ದರೆ ಎಬ್ಬಿಸಬೇಡಿ. ಹೊರಗೆ ಬೆಂಚಿನ ಮೇಲೆ ಔಷಧಿ ಚೀಟಿ ಹಿಡಿದು ಕೂತ ಮಗನನ್ನು ಊಟ ಆಯ್ತಾ ಅಂತ ವಿಚಾರಿಸಿ. ಅವತ್ತಿನ ಸೇವೆ ಅದೇ ಇರಬಹುದು. ಯೇಸುವಿನ ಅಪೊಸ್ತಲನಾದ ಪೌಲನಿಗೂ ಬಿಥೂನ್ಯ ಅನ್ನೋ ಸೀಮೆಗೆ ಹೋಗಲು ದೇವರ ಅಪ್ಪಣೆ ಸಿಗಲಿಲ್ಲ. ಇನ್ನೊಂದು ಸೀಮೆಯಾದ ಮಕೆದೋನ್ಯಕ್ಕೆ ಬಾ ಅನ್ನೋ ಕರೆ ಬಂದದ್ದು ಅದಾದ ಮೇಲೆ. ಸತ್ಯವೇದದ ಅಪೊಸ್ತಲರ ಕೃತ್ಯಗಳು ಪುಸ್ತಕದ 16ನೇ ಅಧ್ಯಾಯ ಓದಿ ನೋಡಿ.

'ಪ್ರಾರ್ಥನೆ ಮಾಡಲಾ?' ಅಂತ ಕೇಳಿಯೇ ಮಾಡಿ. ಚಿಕ್ಕದಾಗಿರಲಿ.

ಕೆಲಸ ಬಿಟ್ಟು ಪೂರ್ತಿ ಸೇವೆಗೆ ಇಳಿಯುವಂಥ ದೊಡ್ಡ ತೀರ್ಮಾನವಾದರೆ ಮಾತ್ರ ಒಬ್ಬರೇ ನಿರ್ಧರಿಸಬೇಡಿ. ಮನೆಯವರನ್ನು ಕರೆದುಕೊಂಡು ಹೋಗಿ ಸಭಾಪಾಲಕರ (ಪಾಸ್ಟರ್) ಹತ್ತಿರ ಕೂತು ಮಾತಾಡಿ.